ಮಡಿಯ ಐಸ್‌ಕ್ರೀಮು

ಮೊನ್ನೆ ಮೈಸೂರಿನಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟದ ಮನೆಯ ಬಾಗಿಲಲ್ಲಿ ಅಡುಗೆ ಕಂಟ್ರಾಕ್ಟರರ ಬೋರ್ಡು: 'ಇಲ್ಲಿ ಎಲ್ಲವನ್ನೂ ಮಡಿಯಲ್ಲಿ ತಯಾರಿಸಲಾಗುತ್ತದೆ.' ಅದರ ಪಕ್ಕದಲ್ಲೇ ಐಸ್‌ಕ್ರೀಮಿನ ಮೇಜು. ನನಗೆ ನಗು ತಡೆಯಲಿಲ್ಲ. ಜೊತೆಗಿದ್ದ ತಂಗಿಯ ಸೊಸೆ ಗಾಬರಿಯಾಗಿ, "ಯಾಕೆ ದೊಡ್ಡಮ್ಮ, ಏನಾಯ್ತು?" ಎಂದಳು. ಏನಿಲ್ಲ, ಹೊಟ್ಟೆ ತುಂಬಿದೆ, ನನಗೆ ಐಸ್‌ಕ್ರೀಮು ಬೇಡ ಎಂದೆ. ಹೊಟ್ಟೆಯೇನೂ ತುಂಬಿರಲಿಲ್ಲ. ಏಲಕ್ಕಿ ಹಾಕಿ ಬತ್ತಿಸಿದ ಹಾಲಿನ ವಾಸನೆ ಮೂಗಿಗೆ ಬಡಿದಿತ್ತು. ಅದರ ಹಿಂದೆಯೇ ಅರವತ್ತರ ದಶಕದ ಅಹಮದಾಬಾದು, ಅಲ್ಲಿನ ಒಂದು ವೈಶಾಖ, ಪ್ರಹ್ಲಾದರಾಯರು ಎಲ್ಲ ಒಟ್ಟಿಗೆ ನೆನಪಿಗೆ ಬಂದವು. ಇಷ್ಟು ವರ್ಷ ಕಳೆದರೂ ಆ ಮನುಷ್ಯನ ಮೇಲಿನ ನನ್ನ ತಿರಸ್ಕಾರ ಒಂದು ಚೂರೂ ಹಳತಾಗಿಲ್ಲ ಎಂಬುದು ನನಗೇ ಆಶ್ಚರ್ಯ.

ಗುಜರಾತು ಆಗಷ್ಟೇ ಮುಂಬಯಿಯಿಂದ ಬೇರೆಯಾಗಿ ತನ್ನದೇ ರಾಜ್ಯವಾಗಿತ್ತು. ಹಳೆಯ ಮುಂಬಯಿ ಪ್ರಾಂತ್ಯದ ಕಾಲದಲ್ಲಿ ನೌಕರಿಯ ಮೇಲೆ ಬಂದ ಧಾರವಾಡ, ವಿಜಾಪುರದ ಕಡೆಯ ಕುಟುಂಬಗಳು ಅಹಮದಾಬಾದಿನಲ್ಲಿ ಬಹಳ ಇದ್ದವು. ನಮ್ಮಂಥ ಮೈಸೂರಿನವರು ಬ್ಯಾಂಕು, ಇನ್ಶೂರೆನ್ಸು, ಸಂಶೋಧನಾ ಸಂಸ್ಥೆ ಎಂದುಕೊಂಡು ಆಮೇಲೆ ಬಂದು ಸೇರಿದೆವು. ನನ್ನ ಗಂಡ ಶ್ರೀಕಂಠಯ್ಯ ಇನ್ಶೂರೆನ್ಸ್ ಕಚೇರಿಯಲ್ಲಿದ್ದರು. ನಾನು ಬಿ.ಎಸ್‌ಸಿ. ಓದಿ, ಊರಿನ ಸಾರ್ವಜನಿಕ ಆರೋಗ್ಯದ ಲ್ಯಾಬೊರೇಟರಿಯಲ್ಲಿ ನೀರು, ಹಾಲು, ತಿಂಡಿಗಳಲ್ಲಿ ರೋಗಾಣು ಇದೆಯೇ ಎಂದು ನೋಡುವ ಕೆಲಸ ಹಿಡಿದಿದ್ದೆ. ನಮ್ಮ ಕನ್ನಡ ಸಂಘದ ಗಂಡಸರಿಗೆ ಇದು ಬಹಳ ತಮಾಷೆಯ ವಿಷಯ. ನಾನು ಬಂದರೆ ಸಾಕು, "ಹುಳದ ಮೇಡಂ ಬಂದರು, ಕೈ ತೊಳಕೊಳ್ರಪ್ಪ" ಎಂದು ನಗುತ್ತಿದ್ದರು. ಆದರೆ ಕೈ ಮಾತ್ರ ಯಾರೂ ತೊಳೆಯುತ್ತಿರಲಿಲ್ಲ.

ಸಂಘದ ಅಧ್ಯಕ್ಷರು ಪ್ರಹ್ಲಾದರಾಯರು. ಧಾರವಾಡದ ಕಡೆಯವರು, ರೈಲ್ವೆಯಲ್ಲಿ ದೊಡ್ಡ ಹುದ್ದೆ. ಸಂಘದ ಅರ್ಧಕ್ಕರ್ಧ ಜನ ಅವರ ಕೈಕೆಳಗಿನ ಗುಮಾಸ್ತರು. ಹಾಗಾಗಿ ಅವರು ಪ್ರತಿ ವರ್ಷ ಅವಿರೋಧವಾಗಿ ಆಯ್ಕೆಯಾಗುತ್ತಿದ್ದರು. ಹಣೆಗೆ ಅಂಗಾರ, ಅಕ್ಷತೆ, ಮೈಮೇಲೆ ಮುದ್ರೆ, ಬಾಯಲ್ಲಿ ಸದಾ ಆಚಾರದ ಮಾತು. ರೈಲಿನಲ್ಲಿ ದೂರ ಹೋಗಬೇಕಾದರೆ ನೀರನ್ನೂ ಮನೆಯಿಂದಲೇ ಒಯ್ಯುತ್ತಿದ್ದರು. ಅದು ಅವರ ಇಷ್ಟ, ನನ್ನದೇನೂ ತಕರಾರಿರಲಿಲ್ಲ. ತಮ್ಮ ಮಡಿಯನ್ನು ಊರಿಗೆಲ್ಲ ಉಣಿಸಲು ಹೊರಟದ್ದು ಮಾತ್ರ ತಕರಾರಿನ ವಿಷಯವಾಯಿತು.

ವೈಶಾಖದಲ್ಲಿ ಸಂಘದ ವಸಂತಪೂಜೆ. ಪ್ರತಿ ವರ್ಷ ಪಾನಕ, ಕೋಸಂಬರಿ ಹಂಚಿ ಮುಗಿಸುತ್ತಿದ್ದರು. ಆ ವರ್ಷ ಬಿಸಿಲು ವಿಪರೀತ. ಹಗಲು ಗಿರಣಿಗಳ ಭೋಂಗಾ ಕೂಗುವ ಹೊತ್ತಿಗೇ ಡಾಂಬರು ಕರಗಿ ಚಪ್ಪಲಿಗೆ ಅಂಟುತ್ತಿತ್ತು. ಮಧ್ಯಾಹ್ನ ನಾಯಿಗಳು ಕೂಡ ಬೀದಿಗೆ ಇಳಿಯುತ್ತಿರಲಿಲ್ಲ. ಮಕ್ಕಳೆಲ್ಲ ಐಸ್‌ಕ್ರೀಮು ಬೇಕೆಂದು ಹಟ ಹಿಡಿದರು. ಅಹಮದಾಬಾದಿನಲ್ಲಿ ಐಸ್‌ಕ್ರೀಮಿಗೇನು ಬರ? ಸಂಜೆಯಾದರೆ ಊರಿಗೆ ಊರೇ ತಿನ್ನಲು ಹೊರಡುತ್ತದೆ. ತರಿಸಿದ್ದರೆ ಮುಗಿದಿತ್ತು. ರಾಯರು ಒಪ್ಪಲಿಲ್ಲ.

"ಬಜಾರದ್ದು ಬ್ಯಾಡ. ಯಾರ ಕೈಲೆ ಮಾಡಿರ್ತಾರೋ, ಯಾವ ನೀರು ಹಾಕಿರ್ತಾರೋ. ಇಲ್ಲಿ ಮಂದಿ ಸಂಚಾ ತಿರಿವಿ ಮನ್ಯಾಗ ಮಾಡ್ಕೋತಾರಲ್ಲ, ಹಂಗ ನಾವೂ ಮಾಡೋಣು. ಹಾಲು ಬತ್ತಸೂದು, ಕೂಡಸೂದು ಎಲ್ಲಾ ಹಿಂದಿನ ರಾತ್ರಿ ನಾನೇ ಮಡೀಲೆ ಮಾಡ್ತೀನಿ" ಎಂದರು.

ಸಂಚಾ ಎಂದರೆ ಅಲ್ಲಿನ ಕೈಯಂತ್ರ. ಮರದ ತೊಟ್ಟಿಯೊಳಗೆ ತಗಡಿನ ಡಬ್ಬಿ. ಡಬ್ಬಿಯಲ್ಲಿ ಹಾಲು, ಸುತ್ತ ಉಪ್ಪು ಬೆರೆಸಿದ ಐಸು. ಹಿಡಿ ಹಿಡಿದು ತಿರುವುತ್ತ ಹೋದರೆ ಹಾಲು ಗಟ್ಟಿಯಾಗುತ್ತದೆ. ಐಸು ಕಾರ್ಖಾನೆಯಿಂದ ಬರಬೇಕಲ್ಲ, ಅದು ಮೈಲಿಗೆಯಲ್ಲವೇ ಎಂದು ಯಾರೋ ಕೇಳಿದರು. ರಾಯರ ಬಳಿ ಉತ್ತರ ಸಿದ್ಧವಿತ್ತು.

"ಐಸು ಹೊರಗಿನ ತೊಟ್ಟಿಯೊಳಗ ಇರ್ತದ, ಹಾಲು ಒಳಗಿನ ಡಬ್ಬಿಯೊಳಗ ಇರ್ತದ. ಒಂದಕ್ಕೊಂದು ಮುಟ್ಟೂದೇ ಇಲ್ಲ. ಮ್ಯಾಲೆ ಹಾಲಿಗೆ ಮುಸುರಿ ಇಲ್ಲ. ಇನ್ನೇನ್ರಿ ಸಂಶಯ?"

ಯಾರಿಗೂ ಸಂಶಯ ಉಳಿಯಲಿಲ್ಲ. ಇಷ್ಟು ಸೂಕ್ಷ್ಮ ವಿಚಾರ ಮಾಡಬಲ್ಲವರು ನಮ್ಮ ಅಧ್ಯಕ್ಷರು ಎಂದು ತಲೆದೂಗಿದರು. ಹಾಲು, ಕೆನೆ, ಸಕ್ಕರೆ ಕೂಡಿಸಿದ್ದು ಬೇಸಿಗೆಯ ರಾತ್ರಿಯೆಲ್ಲ ಹಾಗೇ ಕೂತರೆ ಏನಾಗುತ್ತದೆ ಎಂದು ನಾನು ಬಾಯಿ ತೆರೆದೆ. ಹಿಂದಿನ ರಾತ್ರಿ ಕಾಯಿಸಿಡಬೇಡಿ, ಆವತ್ತೇ ಬೆಳಿಗ್ಗೆ ಕಾಯಿಸಿ, ಆರಿದ ಕೂಡಲೇ ಐಸಿಗಿಡಿ ಎಂದೆ. "ಹುಳದ ಮೇಡಂ ಶುರುಮಾಡಿದರು" ಎಂದು ಒಬ್ಬ ಕಿಸಕ್ಕೆಂದ. ಅಲ್ಲಿಗೆ ನನ್ನ ಸಲಹೆ ಮುಗಿಯಿತು.

ಪೂಜೆಯ ದಿನ ಇನ್ನೊಂದು ಅಪ್ಪಣೆಯಾಯಿತು. ಸಂಘದ ಬಹಳ ಜನ ಇದ್ದ ನಮ್ಮ ಕಾಲೊನಿಯ ಗೇಟಿನ ಬಳಿ ಜೀವಾಭಾಯಿ ಎಂಬ ಕುಲ್ಫಿಯವನು ಗಾಡಿ ನಿಲ್ಲಿಸಿಕೊಳ್ಳುತ್ತಿದ್ದ. ಐಸು ತುಂಬಿದ ಎರಡು ದೊಡ್ಡ ಮಡಕೆ, ಅದರೊಳಗೆ ಕುಲ್ಫಿಯ ತಗಡಿನ ಅಚ್ಚುಗಳು, ಮೇಲೆ ಕೆಂಪು ಬಟ್ಟೆ. ಸಿಡುಕು ಮೋರೆಯ ಆಸಾಮಿ. ಮಕ್ಕಳು ಚೌಕಾಶಿಗೆ ಇಳಿದರೆ ಗದರಿಬಿಡುತ್ತಿದ್ದ. ಬೇಸಿಗೆಯಲ್ಲಿ ಕುಲ್ಫಿ ಮಾರಿದ್ದರಲ್ಲೇ ವರ್ಷದ ಬಹುಪಾಲು ನೂಕಬೇಕಾದವನು. ಮಳೆಗಾಲಕ್ಕೆ ಸಿಕ್ಕಿದ ಕೂಲಿ. ಮಕ್ಕಳು ಕುಲ್ಫಿ ತಿಂದು ಪ್ರಸಾದಕ್ಕೆ ಹಸಿವಿಲ್ಲದೆ ಬರುತ್ತಾರೆ ಎಂದು ರಾಯರು ಆವತ್ತು ಬೆಳಿಗ್ಗೆಯೇ ಅವನನ್ನು ಗೇಟಿನಿಂದ ಓಡಿಸಿದರು. ಅವನು ಗೊಣಗುತ್ತ ಗಾಡಿ ತಳ್ಳಿಕೊಂಡು ಹೋದದ್ದನ್ನು ಅರ್ಧ ಕಾಲೊನಿ ನೋಡಿತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಬೇಕು. ಏಕೆಂದರೆ ಮರುದಿನದ ಹೊತ್ತಿಗೆ ನಮ್ಮವರೆಲ್ಲ ಇದನ್ನು ಮರೆತರು.

ಪೂಜೆ ಚೆನ್ನಾಗಿಯೇ ಆಯಿತು. ಗಂಡಸರು ಸರದಿಯ ಮೇಲೆ ಸಂಚಾ ತಿರುವಿದರು. ರಾಯರು ಒದ್ದೆ ಪಂಚೆಯುಟ್ಟು ದೂರ ನಿಂತು ಎಲ್ಲರಿಗೂ ಅಪ್ಪಣೆ ಕೊಡುತ್ತಿದ್ದರು. ಹೊತ್ತು ಇಳಿಯುವ ಮುಂಚೆ ದೊನ್ನೆಗಳಲ್ಲಿ ಐಸ್‌ಕ್ರೀಮು ಬಂತು. ರುಚಿಯಾಗಿತ್ತು, ಸುಳ್ಳೇಕೆ ಹೇಳಲಿ. ನಾನೂ ತಿಂದೆ. ಲ್ಯಾಬೊರೇಟರಿಯಲ್ಲಿ ದಿನವೆಲ್ಲ ರೋಗಾಣು ನೋಡುವವಳಿಗೂ ಆ ಸೆಕೆಯಲ್ಲಿ ನಾಲಿಗೆ ತಣ್ಣಗಾದರೆ ಸಾಕೆನಿಸುತ್ತದೆ. ರಾಯರು ಮಾತ್ರ ತಿನ್ನಲಿಲ್ಲ. ಆವತ್ತು ಅವರಿಗೆ ಒಪ್ಪತ್ತು.

ದೀಪ ಹಚ್ಚುವ ಹೊತ್ತಿಗೆ ಮೊದಲ ಮಗು ವಾಂತಿ ಮಾಡಿಕೊಂಡಿತು. ಆಮೇಲೆ ಮನೆಮನೆಯಲ್ಲೂ ಶುರುವಾಯಿತು. ಹೊಟ್ಟೆ ಹಿಂಡಿ ಹಿಂಡಿ ವಾಂತಿ, ಭೇದಿ, ಮೈಯೆಲ್ಲ ತಣ್ಣನೆಯ ಬೆವರು. ನಾನು, ನನ್ನ ಗಂಡ ಒಬ್ಬರ ಹಿಂದೊಬ್ಬರು ಬಚ್ಚಲಿಗೆ ಓಡಿದೆವು. ದೊಡ್ಡವರು ಹೇಗೋ ತಡೆದುಕೊಂಡರು. ರಾಯರ ಕಚೇರಿಯ ಗುಮಾಸ್ತ ನಾರಾಯಣ ಎಂಬಾತನ ಮಗಳು ಶಾಲಿನಿ, ಇನ್ನೂ ಒಂದನೇ ಕ್ಲಾಸಿನ ಹುಡುಗಿ, ಕಣ್ಣು ಗುಳಿಬಿದ್ದು, ನಾಲಿಗೆ ಒಣಗಿ, ಕರೆದರೆ ಓಗೊಡದ ಸ್ಥಿತಿಗೆ ಬಂದಳು. ಆಸ್ಪತ್ರೆಗೆ ಎತ್ತಿಕೊಂಡು ಓಡಿ, ಸಲೈನು ಹಾಕಿಸಿದರು. ಹುಡುಗಿ ಉಳಿದಳು. ಅವಳ ತಾಯಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತದ್ದನ್ನು ನಾನು ಈಗಲೂ ಮರೆತಿಲ್ಲ.

ಮರುದಿನ ಬೆಳಿಗ್ಗೆ ರಾಯರು ಎಲ್ಲರನ್ನೂ ವಿಚಾರಿಸಿಕೊಂಡು ಬಂದರು. ತಮಗೆ ಏನೂ ಆಗದೇ ಇದ್ದದ್ದು ದೇವರ ದಯೆ ಎಂದರು. ತಿನ್ನದೇ ಇದ್ದದ್ದು ಕಾರಣ ಎಂದು ಅವರಿಗೆ ಹೊಳೆಯಲೇ ಇಲ್ಲ. ಆಮೇಲೆ ತೀರ್ಪು ಕೊಟ್ಟರು.

"ಇದು ಆ ಕುಲ್ಫಿಯವನ ಕೆಲಸ. ಹುಡುಗರು ದಿನಾ ಅವನ ಕಡೆ ತಿಂತಿದ್ವಲ್ಲ. ಹೊಟ್ಟ್ಯಾಗ ಕೂತ ಹೊಲಸು ಈಗ ಹೊರಗ ಬಂತು. ಕಂಪ್ಲೇಂಟ್ ಕೊಡ್ತೀನಿ."

ನಾವು ದೊಡ್ಡವರು ಯಾರೂ ದಿನಾ ಕುಲ್ಫಿ ತಿಂದವರಲ್ಲ. ಆದರೂ ಇಡೀ ಸಂಘ ಹೌದು ಹೌದು ಎಂದಿತು. ತಮ್ಮ ಸಂಘದ ತಪ್ಪಿಗೆ ಬೀದಿಯವನ ತಲೆಯ ಮೇಲೆ ಗೂಬೆ ಕೂರಿಸಿಬಿಡುವುದು ಎಷ್ಟು ಸಲೀಸು! ಮಧ್ಯಾಹ್ನದೊಳಗೆ ವಾರ್ಡಿನ ಆರೋಗ್ಯ ಇನ್‌ಸ್ಪೆಕ್ಟರು ಜನ ಕರೆದುಕೊಂಡು ಬಂದು, ಗೇಟಿಗೆ ಮರಳಿದ್ದ ಜೀವಾಭಾಯಿಯ ಮಡಕೆಗಳನ್ನು ಮೋರಿಗೆ ಸುರಿಸಿದರು. ಸ್ಯಾಂಪಲ್ಲಿಗೆಂದು ಕೆಲವು ಕುಲ್ಫಿ ತೆಗೆದುಕೊಂಡು, ಗಾಡಿಯನ್ನು ವಾರ್ಡ್ ಆಫೀಸಿನ ಅಂಗಳಕ್ಕೆ ಎಳೆಸಿಕೊಂಡು ಹೋದರು. ಜೀವಾಭಾಯಿ ಗಂಟಲು ಹರಿದುಕೊಂಡ. "ನಿನ್ನೆ ನಾನಿಲ್ಲಿ ಇರಲೇ ಇಲ್ಲ, ಸಾಹೇಬರೇ ಓಡಿಸಿದರು, ಇವರನ್ನೇ ಕೇಳಿ" ಎಂದು ಒಬ್ಬೊಬ್ಬರ ಮುಖ ನೋಡಿದ. ನಮ್ಮವರು ಒಬ್ಬೊಬ್ಬರಾಗಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಇದನ್ನು ನನಗೆ ಹೇಳಿದ್ದು ಪಕ್ಕದ ಮನೆಯ ಗುಜರಾತಿ ಹೆಂಗಸು. ನಾನು ಆ ಹೊತ್ತಿಗೆ ಲ್ಯಾಬೊರೇಟರಿಯಲ್ಲಿದ್ದೆ. ಬೆಳಿಗ್ಗೆಯೇ ಸಂಚಾದ ಡಬ್ಬಿಯ ತಳದಲ್ಲಿ ಕರಗಿ ಉಳಿದಿದ್ದ ಹಾಲನ್ನು, ತೊಳೆಯಲು ಬಿಡದೆ, ಕುದಿಸಿದ ಸೀಸೆಗೆ ಹಾಕಿಕೊಂಡು ಹೋಗಿದ್ದೆ.

ಇಂಥ ಕೆಲಸದಲ್ಲಿ ಕಾಯಬೇಕು. ಹಾಲಿನ ಒಂದಿಷ್ಟನ್ನು ಗಾಜಿನ ತಟ್ಟೆಯ ಮೇಲೆ ಸವರಿ ಬೆಚ್ಚಗೆ ಇಟ್ಟರೆ, ಅದರಲ್ಲಿದ್ದ ರೋಗಾಣು ಬೆಳೆದು ಕಣ್ಣಿಗೆ ಕಾಣುತ್ತದೆ. ಮರುದಿನ ತಟ್ಟೆ ತೆಗೆದಾಗ ಬಂಗಾರದ ಬಣ್ಣದ ಚುಕ್ಕೆಗಳು ಒತ್ತೊತ್ತಾಗಿ ಎದ್ದಿದ್ದವು. ಸೂಕ್ಷ್ಮದರ್ಶಕದ ಕೆಳಗೆ ದ್ರಾಕ್ಷಿಗೊಂಚಲಿನಂತೆ ಕಾಣುವ ರೋಗಾಣು. ಕೊಳಕು ನೀರಿನಿಂದಲೋ ಹಸುವಿನಿಂದಲೋ ಬಂದದ್ದು ಎನ್ನುವುದಕ್ಕಿಂತ, ಮನುಷ್ಯನ ಗಾಯ, ಕುರು, ಕೀವಿನಿಂದ ಬಂದದ್ದು ಎಂದು ಮೊದಲು ಅನುಮಾನಿಸಬೇಕಾದ ಜಾತಿ ಅದು. ಜೀವಾಭಾಯಿಯ ಕುಲ್ಫಿಯೂ ನನ್ನ ಮೇಜಿಗೇ ಬಂತು. ಅದೇನೂ ಗಂಗಾಜಲವಾಗಿರಲಿಲ್ಲ, ಕೆಟ್ಟ ನೀರಿನ ಗುರುತು ಅದರಲ್ಲಿ ಚೆನ್ನಾಗಿಯೇ ಇತ್ತು. ಬೇಸಿಗೆಯಲ್ಲಿ ಆ ಊರಿನ ಯಾವ ಕುಲ್ಫಿಯೂ ಅದಕ್ಕಿಂತ ಮೇಲಾಗಿರಲಿಲ್ಲ. ಆದರೆ ಈ ದ್ರಾಕ್ಷಿಗೊಂಚಲು ಅದರಲ್ಲಿ ಇರಲಿಲ್ಲ. ನಮ್ಮನ್ನು ಮಲಗಿಸಿದ್ದು ಅವನಲ್ಲ.

ಹಾಗಾದರೆ ಯಾರ ಗಾಯ? ಹಾಲು ಮುಟ್ಟಿದವರು ಒಬ್ಬರೇ. ಸಂಜೆ ರಾಯರ ಮನೆಗೆ ಹೋದೆ. ರಾಯರು ಇನ್ನೂ ಕಚೇರಿಯಿಂದ ಬಂದಿರಲಿಲ್ಲ. ಅವರ ಹೆಂಡತಿ ಅಂಬಕ್ಕ ಒಳ್ಳೆಯ ಹೆಂಗಸು, ಕಪಟ ಅರಿಯದವರು. ರಾಯರ ಕೈಗೇನಾದರೂ ಆಗಿತ್ತೇ ಎಂದು ನಾನು ಕೇಳಿದ್ದೇ ತಡ, ಎಲ್ಲ ಹೇಳಿದರು.

"ಹೆಬ್ಬಟ್ಟಿಗೆ ಉಗುರುಸುತ್ತು ಆಗೇದ ನೋಡವಾ. ದವಾಖಾನ್ಯಾಗ ಔಷಧ ಹಚ್ಚಿ ಬಟ್ಟಿ ಕಟ್ಟಿದ್ರು, ಬಿಚ್ಚಬ್ಯಾಡ್ರಿ ಅಂದಿದ್ರು. ಆದ್ರ ದವಾಖಾನಿ ಬಟ್ಟಿ ಕಟಗೊಂಡು ಮಡಿ ಹೆಂಗ ಆಗಬೇಕು? ಬಿಚ್ಚಿ ಒಗದು ಸ್ನಾನ ಮಾಡಿದ್ರು. ಭಾಳ ಸೋರತಿತ್ತು, ಪಾಪ. ಹಂಗಿದ್ರೂ ಕೂತು, ಆರಿದ ಹಾಲಿನ ಕೆನಿಯೆಲ್ಲಾ ಕೈಲೇ ಹಿಚುಕಿ ಹಿಚುಕಿ ಕೂಡಿಸಿದ್ರು. ಚಮಚಾದಲೆ ಆ ಹದ ಬರೂದಿಲ್ಲಂತ."

ಕಾಯಿಸಿದ ಹಾಲು. ಅದರಲ್ಲಿ ಬೇರೆ ಏನೂ ಜೀವ ಉಳಿದಿರಲಿಲ್ಲ, ಅಷ್ಟು ಶುದ್ಧ. ಅದರೊಳಗೆ ಕೀವು ಸೋರುವ ಹೆಬ್ಬೆರಳು ಅದ್ದಿ, ಕೆನೆ ಹಿಚುಕಿ, ಆ ಸೆಕೆಯಲ್ಲಿ ಬೆಳಗಿನವರೆಗೆ ತಾಳೆ ಗರಿಯ ಬುಟ್ಟಿ ಮುಚ್ಚಿ ಇಟ್ಟಿದ್ದರು. ವೈದ್ಯರು ಕಟ್ಟಿದ ಬಿಳಿಯ ಶುದ್ಧ ಬಟ್ಟೆ ಮೈಲಿಗೆ, ಕೀವು ಮಾತ್ರ ಮಡಿ! ಪ್ರಪಂಚದಲ್ಲಿ ಎಷ್ಟೋ ಬಗೆಯ ದಡ್ಡತನ ಕಂಡಿದ್ದೇನೆ. ಸ್ನಾನ ಮಾಡಿ, ಮಂತ್ರ ಹೇಳಿ, ಒದ್ದೆ ಬಟ್ಟೆ ಉಟ್ಟು ಮಾಡುವ ಈ ದಡ್ಡತನಕ್ಕೆ ಸಮನಾದ್ದು ಇನ್ನೊಂದು ಕಂಡಿಲ್ಲ. ಕೆಲವು ದಿನಕ್ಕೆ ರಾಯರ ಬೆರಳು ಬಾತು, ರೈಲ್ವೆ ವೈದ್ಯರು ಅದನ್ನು ಕೊಯ್ದು, ಕೀವನ್ನು ಪರೀಕ್ಷೆಗೆ ನಮ್ಮಲ್ಲಿಗೇ ಕಳಿಸಿದರು. ತಟ್ಟೆಯ ಮೇಲೆ ಅದೇ ಬಂಗಾರದ ಚುಕ್ಕೆಗಳು ಎದ್ದವು.

ಈ ನಡುವೆ ಜೀವಾಭಾಯಿ ಲ್ಯಾಬೊರೇಟರಿಯ ಬಾಗಿಲಿಗೆ ಬರತೊಡಗಿದ್ದ. ಅವನಿಗೆ ನನ್ನ ಮೇಲೂ ಸಿಟ್ಟು, ನಾನೂ ಆ ಕಾಲೊನಿಯವಳೇ ಅಲ್ಲವೇ? ಆದರೂ ಆ ಊರಿನ ರೂಢಿಯಂತೆ, ಅಕ್ಕ ಎನ್ನುವ ಅರ್ಥದಲ್ಲಿ, 'ಬೆನ್' ಎಂದೇ ಕರೆಯುತ್ತಿದ್ದ. "ಬೆನ್, ಗಾಡಿ ಯಾವಾಗ ಬಿಡ್ತಾರೆ? ಮಳೆ ಬಿದ್ದ ಮೇಲೆ ಕೊಟ್ಟರೆ ಅದನ್ನು ಒಲೆಗೆ ಹಾಕಲಾ?" ಎಂದು ಕೇಳುತ್ತಿದ್ದ. ನಾನು ಇನ್‌ಸ್ಪೆಕ್ಟರ ಬಳಿ ಹೋದೆ. ಅವರು ವೀಳ್ಯ ಜಗಿಯುತ್ತ, ಕಂಪ್ಲೇಂಟ್ ಕೊಟ್ಟವರು ದೊಡ್ಡ ಮನುಷ್ಯರು, ಅವರು ಒಂದು ಮಾತು ಹೇಳಿದರೆ ಈಗಲೇ ಬಿಡುತ್ತೇನೆ ಎಂದರು. ಆ ಒಂದು ಮಾತಿಗಾಗಿ ನಾನು ಸಂಘದ ಸಭೆಗೆ ಹೋದೆ.

ಎಲ್ಲರ ಎದುರಿಗೆ ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಮೊದಲು ಎದ್ದವರು ನಮ್ಮ ಕಾರ್ಯದರ್ಶಿ ಶೇಷಾದ್ರಿ. ಮೈಸೂರಿನವರೇ, ಸಂಶೋಧನಾ ಸಂಸ್ಥೆಯಲ್ಲಿ ಭೌತವಿಜ್ಞಾನಿ, ಹೆಸರಿನ ಹಿಂದೆ ಡಾಕ್ಟರ್ ಬೇರೆ.

"ಅಲ್ಲಮ್ಮಾ, ಅಷ್ಟು ಥಂಡೀಲಿ ಯಾವ ಬ್ಯಾಕ್ಟೀರಿಯಾ ಬದುಕುತ್ತೆ? ಐಸ್‌ಕ್ರೀಮ್ ಆದಮೇಲೆ ಎಲ್ಲ ಸತ್ತುಹೋಗಿರುತ್ತೆ. ಇದು ಸಾಮಾನ್ಯ ಜ್ಞಾನ" ಎಂದರು.

"ಸಾಯಲ್ಲ ಸಾರ್, ಮಲಗಿರುತ್ತೆ ಅಷ್ಟೆ. ಬೆಚ್ಚಗಾದ್ರೆ ಏಳುತ್ತೆ. ಈ ಸಲ ಏಳೋ ಅಗತ್ಯಾನೂ ಇರಲಿಲ್ಲ. ಐಸಿಗಿಡೋ ಮುಂಚೇನೇ ಅದು ಹಾಲಿನಲ್ಲಿ ವಿಷ ಬಿಟ್ಟಾಗಿತ್ತು. ಆ ವಿಷ ಐಸಿಗೂ ಜಗ್ಗಲ್ಲ, ಕುದಿಸಿದ್ರೂ ಜಗ್ಗಲ್ಲ" ಎಂದೆ.

ಶೇಷಾದ್ರಿ ಮೂಗು ಮುರಿದು ಕೂತರು. ರಾಯರು ನಿಧಾನವಾಗಿ ಕೇಳಿದರು:

"ಅಂದ್ರ, ನಾ ಮಡೀಲೆ ಮುಟ್ಟಿದ್ದಕ್ಕ ಮಂದಿಗೆ ವಾಂತಿ ಆತು ಅಂತೀರೇನು?"

"ಹೌದು. ನೀವು ಒಂದೇ ಒಂದು ಮಾತು ಹೇಳಿ, ಕಂಪ್ಲೇಂಟ್ ವಾಪಸ್ ತೊಗೋತೀನಿ ಅಂತ. ಅವನ ಗಾಡಿ ಬಿಡ್ತಾರೆ. ಬೇರೆ ಏನೂ ಬೇಡ."

ನನ್ನ ಗಂಡ ಹಿಂದಿನಿಂದ ಸೆರಗು ಜಗ್ಗಿದರು. ಆಗ ಶಾಲಿನಿಯ ತಂದೆ ನಾರಾಯಣ ಎದ್ದು ನಿಂತ. ಸದ್ಯ, ಮಗಳನ್ನು ಸಾವಿನ ಬಾಗಿಲಿನಿಂದ ಎತ್ತಿ ತಂದವನು, ಇವನಾದರೂ ಮಾತಾಡುತ್ತಾನೆ ಎಂದುಕೊಂಡೆ. ಅವನು ಕೈಮುಗಿದು, "ರಾಯರು ದೇವರಂಥಾ ಮನಷ್ಯಾರು. ಅವರ ಕೈಲಿಂದ ಹಿಂಗ ಆಗಲಿಕ್ಕೆ ಸಾಧ್ಯನೇ ಇಲ್ಲ. ನನ್ನ ಮಗಳು ಕುಲ್ಫಿನೇ ತಿಂದಿರಬೇಕು" ಎಂದ. ಅವನ ಬಡ್ತಿ ರಾಯರ ಕೈಯಲ್ಲಿದೆ ಎಂಬುದು ಎಲ್ಲರಿಗೂ ಗೊತ್ತಿದ್ದ ವಿಷಯ. ಮರುಕ ಪಡಬೇಕಿತ್ತು. ನನಗೆ ಬರಲಿಲ್ಲ, ಈಗಲೂ ಬರುವುದಿಲ್ಲ.

ಕೊನೆಗೆ ನಮ್ಮ ಲ್ಯಾಬೊರೇಟರಿಯ ಮುಖ್ಯಸ್ಥರು, ಪಿತ್ತ ನೆತ್ತಿಗೇರಿದ ಒಬ್ಬ ಮುದುಕ ಡಾಕ್ಟರು, ಇನ್‌ಸ್ಪೆಕ್ಟರ ಮೇಲಿನವರಿಗೆ ಫೋನು ಮಾಡಿ ಚೆನ್ನಾಗಿ ಉಗಿದರು. ಗಾಡಿ ಬಿಡಬೇಕೆಂದು ಆದೇಶವಾಯಿತು. ಸುದ್ದಿ ರಾಯರಿಗೆ ಹೇಗೆ ಮುಟ್ಟಿತೋ, ಆದೇಶದ ಹಿಂದಿನ ದಿನ ಅವರು ಸಂಘದಲ್ಲಿ ಘೋಷಿಸಿದರು: "ಬಡವ ಇದ್ದಾನ, ಹೆಂಡರು ಮಕ್ಕಳು ಇದ್ದಾರ. ನಾ ಅವನ್ನ ಕ್ಷಮಿಸೀನಿ." ಜನ ಚಪ್ಪಾಳೆ ತಟ್ಟಿದರು. ತಾನು ಕೀವು ತಿನ್ನಿಸಿ, ಇನ್ನೊಬ್ಬನ ಅನ್ನ ಕಿತ್ತು, ಅವನನ್ನೇ ಕ್ಷಮಿಸುವ ದೊಡ್ಡತನ! ಶೇಷಾದ್ರಿಯವರು ಅಧ್ಯಕ್ಷರ ಔದಾರ್ಯದ ಮೇಲೆ ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಿದರು. ನಾನು ಎದ್ದು ಬಂದೆ. ಮತ್ತೆ ಆ ಸಂಘದ ಮೆಟ್ಟಿಲು ಹತ್ತಲಿಲ್ಲ. ನನ್ನ ಗಂಡ ಹೋಗುತ್ತಿದ್ದರು. ಮರುವರ್ಷದ ವಸಂತಪೂಜೆಯಲ್ಲಿ ಮತ್ತೆ ರಾಯರೇ ಹಾಲು ಕೂಡಿಸಿದರಂತೆ, ಮತ್ತೆ ಎಲ್ಲರೂ ತಿಂದರಂತೆ.

ಗಾಡಿ ಬಿಡುವ ದಿನ ನಾನು ವಾರ್ಡ್ ಆಫೀಸಿಗೆ ಹೋಗಿದ್ದೆ. ಮೊದಲ ಮಳೆ ಆಗಲೇ ಒಂದು ಸಲ ಹೊಡೆದು ಹೋಗಿ, ಅಂಗಳವೆಲ್ಲ ಕೆಸರಾಗಿತ್ತು. ಮಡಕೆಗಳು ಒಡೆದಿದ್ದವು. ಅಚ್ಚುಗಳು ಅರ್ಧ ಇರಲಿಲ್ಲ, ಯಾರು ಒಯ್ದರೋ ಯಾರೂ ಹೇಳಲಿಲ್ಲ. ಜೀವಾಭಾಯಿ ಬಗ್ಗಿ ಚಕ್ರಗಳನ್ನು ತಿರುಗಿಸಿ ನೋಡಿದ, ಕೆಂಪು ಬಟ್ಟೆಯನ್ನು ಹಿಂಡಿ ಹೆಗಲ ಮೇಲೆ ಹಾಕಿಕೊಂಡ. ಪರೀಕ್ಷೆಯಲ್ಲಿ ಏನು ಕಂಡಿತು, ಕಾಯಿಲೆ ಎಲ್ಲಿಂದ ಬಂತು, ಎಲ್ಲವನ್ನೂ ನನಗೆ ಬರುವ ಹರಕು ಗುಜರಾತಿಯಲ್ಲಿ ಅವನಿಗೆ ಹೇಳಿದೆ. ಅವನು ಕೇಳಿಸಿಕೊಂಡ. ಗಾಡಿಯನ್ನು ರಸ್ತೆಗೆ ತಂದು, ನಮ್ಮ ಕಾಲೊನಿಗೆ ಬೆನ್ನು ಹಾಕಿ, ಗಿರಣಿಗಳ ಕಡೆ ತಿರುಗಿಸಿದ.

"ಈ ಕಡೆ ಬರಲ್ವಾ ಜೀವಾಭಾಯಿ? ಇನ್ನು ಯಾರೂ ನಿನ್ನನ್ನ ತಡೆಯಲ್ಲ" ಎಂದೆ.

ಅವನು ಗಾಡಿ ನಿಲ್ಲಿಸದೆಯೇ ತಲೆಯಾಡಿಸಿದ.

"ಇಲ್ಲ ಬೆನ್. ಅಲ್ಲಿ ರೋಗ ಇದೆ. ನಾನು ತಿನ್ನೋ ಸಾಮಾನು ಮಾರುವವನು."